ಹೊನ್ನಯ್ಯನವರ ಗಂಟಲು

ಮೌನಿ ಎಂಬ ಫೋನಿಗೆ ಒಬ್ಬ ಮನುಷ್ಯನ ಗಂಟಲನ್ನು ಕಲಿಸಲು ಹನ್ನೊಂದು ದಿನ ಬೇಕಾಗುತ್ತಿತ್ತು. ದಿನಕ್ಕೆ ಎರಡು ಗಂಟೆ. ದವಡೆಯ ಕೆಳಗೆ ನಾವೊಂದು ತೆಳುವಾದ ಪಟ್ಟಿ ಅಂಟಿಸುತ್ತಿದ್ದೆವು. ಪರದೆಯ ಮೇಲೆ ಬರುವ ವಾಕ್ಯಗಳನ್ನು ಎದುರಿಗೆ ಕೂತವರು ಮೊದಲು ಗಟ್ಟಿಯಾಗಿ ಓದಬೇಕು, ಆಮೇಲೆ ಪಿಸುದನಿಯಲ್ಲಿ, ಕೊನೆಗೆ ತುಟಿಯನ್ನೂ ಅಲ್ಲಾಡಿಸದೆ ಮನಸ್ಸಿನಲ್ಲೇ. ಮನಸ್ಸಿನಲ್ಲಿ ಆಡಿಕೊಂಡ ಮಾತಿಗೂ ಗಂಟಲಿನ ಸ್ನಾಯುಗಳು ಕೊಂಚ ಮಿಸುಕುತ್ತವೆ. ಪಟ್ಟಿ ಹಿಡಿಯುತ್ತಿದ್ದುದು ಆ ಮಿಸುಕಾಟವನ್ನು.

ಫೋನಿನ ಗುಂಡಿ ಒತ್ತಿಕೊಂಡು ಮನಸ್ಸಿನಲ್ಲಿ ಮಾತಾಡಿದರೆ ಸಾಕು. ಮೌನಿ ಅದನ್ನು ಮಾತಾಗಿ ಜೋಡಿಸಿ, ಯಾರೂ ಬಿಡಿಸಲಾಗದ ಸಂಕೇತವಾಗಿ ಬದಲಿಸಿ ಕಳಿಸುತ್ತಿತ್ತು. ಆ ಕಡೆಯವರಿಗೆ ಕೇಳುವುದು ಅಧಿಕಾರಿಯ ದನಿ. ಅದನ್ನು ಅವರ ಹಳೆಯ ಭಾಷಣಗಳಿಂದ ಮೊದಲೇ ತಯಾರಿಸಿ ಇಟ್ಟಿರುತ್ತಿದ್ದೆವು. ಈ ಕಡೆ ಅದೇ ಕೋಣೆಯಲ್ಲಿ ಹತ್ತು ಜನ ಕೂತಿದ್ದರೂ ಒಂದಕ್ಷರ ಕೇಳುವುದಿಲ್ಲ. ಕೇಳಲು ಅಲ್ಲಿ ಸದ್ದೇ ಇಲ್ಲ. ಮೌನಿಯಲ್ಲಿ ಕೊಟ್ಟ ಆದೇಶ ಸಹಿ ಮಾಡಿದ ಆದೇಶಕ್ಕೆ ಸಮ ಎಂದು ನಿಯಮವೂ ಬಂತು. ಯಾರ ಗಂಟಲೋ, ಆದೇಶ ಅವರದು. ಸರ್ಕಾರ ನೂರಹನ್ನೆರಡು ಫೋನುಗಳನ್ನು ಕೊಂಡಿತು.

ಅಪರ ಮುಖ್ಯ ಕಾರ್ಯದರ್ಶಿ ಶ್ರೀವತ್ಸ ಅವರಿಗೆ ನಿಗದಿಯಾಗಿದ್ದ ದಿನ ನಮ್ಮ ಪ್ರಯೋಗಾಲಯಕ್ಕೆ ಬಂದವರು ಅವರಲ್ಲ. ಇಸ್ತ್ರಿ ಮಾಡಿದ ಅರ್ಧ ತೋಳಿನ ಅಂಗಿ ತೊಟ್ಟ, ಐವತ್ತೆಂಟರ ಸುಮಾರಿನ ಒಬ್ಬರು ಹೆಗಲ ಮೇಲಿನ ಟವಲನ್ನು ಮಡಚಿ ಕೈಗೆ ತೆಗೆದುಕೊಂಡು ಬಾಗಿಲಲ್ಲಿ ನಿಂತರು.

"ನಮಸ್ಕಾರ ಮೇಡಮ್. ಹೊನ್ನಯ್ಯ ಅಂತ. ಸಾಹೇಬ್ರ ಪಿ.ಎ."

"ಸಾಹೇಬರು ಎಷ್ಟು ಹೊತ್ತಿಗೆ ಬರ್ತಾರೆ?"

"ಅವ್ರೆಲ್ಲಿ ಬಂದಾರು! ಹನ್ನೊಂದು ದಿನ ಕೂತ್ಕಂಡು ಅ ಆ ಇ ಈ ಓದಾಕೆ ಅವ್ರೇನು ಒಂದ್ನೇ ಕ್ಲಾಸಾ? ನನ್ನೇ ಕಳ್ಸವ್ರೆ."

ಗಂಟಲು ಅವರದ್ದೇ ಆಗಬೇಕು, ಒಮ್ಮೆ ಕಲಿಸಿದ ಮೇಲೆ ಫೋನು ಬೇರೆ ಯಾರ ಮಾತನ್ನೂ ಒಪ್ಪುವುದಿಲ್ಲ ಎಂದು ವಿವರಿಸಿದೆ. ಅವರು ತಾಳ್ಮೆಯಿಂದ ಕೇಳಿ ನಕ್ಕರು.

"ಇಪ್ಪತ್ತೊಂಬತ್ತು ವರ್ಷದಿಂದ ಅವ್ರ ಮಾತು ನನ್ ಬಾಯಲ್ಲೇ ಬತ್ತಾ ಅದೆ ಮೇಡಮ್. 'ಸಾಹೇಬ್ರು ಹೇಳವ್ರೆ' ಅಂತ ನಾನು ಅಂದ್ರೆ ಆಯ್ತು. ಈಗ ಅಷ್ಟೂ ಅನ್ನಂಗಿಲ್ಲ, ಅಲ್ವಾ? ಒಂದ್ ಮಾತು ಉಳೀತು ಬುಡಿ."

ನಾನು ನಿರ್ದೇಶಕ ನಾಗಸುಂದರ ಅವರ ಕೋಣೆಗೆ ಹೋದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ವಾರಿಜಾ, ಇದುವರೆಗೆ ಎಷ್ಟು ಜನ ಖುದ್ದಾಗಿ ಬಂದಿದ್ದಾರೆ?"

"ನಾಲ್ಕು ಜನ ಸರ್."

"ಉಳಿದವರಿಗೆ ಫೋನ್ ಕೊಡೋದಿಲ್ಲ ಅಂತ ವಿಧಾನಸೌಧಕ್ಕೆ ಹೋಗಿ ಹೇಳೋರು ಯಾರು? ನೀವಾ, ನಾನಾ?"

 ನಾನು ಹಿಂದಿರುಗಿ ಬಂದು ಹೊನ್ನಯ್ಯನವರ ದವಡೆಯ ಕೆಳಗೆ ಸ್ಪಿರಿಟ್ ಹಚ್ಚಿ ಪಟ್ಟಿ ಅಂಟಿಸಿದೆ. ಹನ್ನೊಂದನೆಯ ದಿನ ನಮೂನೆಯಲ್ಲಿ 'ಅಧಿಕಾರಿಯು ಖುದ್ದು ಹಾಜರಿದ್ದು ಕಲಿಕೆ ಪೂರೈಸಿರುತ್ತಾರೆ' ಎಂಬ ಸಾಲಿನ ಕೆಳಗೆ ಸಹಿ ಹಾಕಿದೆ. ಅಂಥ ನೂರಮೂರು ನಮೂನೆಗಳಿಗೆ ನನ್ನ ಸಹಿಯಿದೆ. ನೂರಹನ್ನೆರಡು ಜನರಲ್ಲಿ ಕೊನೆಗೂ ತಾವೇ ಬಂದವರು ಒಂಬತ್ತು ಮಂದಿ. ಅವರಲ್ಲಿಬ್ಬರು ಬಂದದ್ದು, ಅವರ ಪಿ.ಎ. ರಜೆಯಲ್ಲಿದ್ದುದರಿಂದ.

ಪಟ್ಟಿಯನ್ನು ನಾಲ್ಕು ಗಂಟೆಗಿಂತ ಹೆಚ್ಚು ಹೊತ್ತು ತೆಗೆದಿಟ್ಟರೆ ಫೋನು ಆ ಗಂಟಲನ್ನು ಮರೆತುಬಿಡುತ್ತಿತ್ತು. ಕಲಿಕೆ ಮತ್ತೆ ಮೊದಲಿಂದ. ಹಾಗಾಗಿ ಪಟ್ಟಿ ಸದಾ ಕುತ್ತಿಗೆಯಲ್ಲೇ. ಕೆಲವೇ ತಿಂಗಳಲ್ಲಿ ಸಚಿವಾಲಯದ ಮೊಗಸಾಲೆಯ ಬೆಂಚುಗಳ ಮೇಲೆ ನಡುವಯಸ್ಸಿನ ಗಂಡಸರೂ ಹೆಂಗಸರೂ ಗದ್ದದಡಿ ಒಂದೇ ಬಗೆಯ ಪಟ್ಟಿ ಅಂಟಿಸಿಕೊಂಡು, ಮಡಿಲಲ್ಲಿ ಫೋನಿಟ್ಟುಕೊಂಡು, ಬಾಯಿ ಮುಚ್ಚಿ ಕೂತಿರುವ ನೋಟ ಎಲ್ಲರಿಗೂ ರೂಢಿಯಾಯಿತು. ಕ್ಯಾಂಟೀನಿನವನು, "ಏನ್ ಸಾರ್, ಎಲ್ರೂ ಒಂದೇ ಕ್ಷೌರದಂಗ್ಡೀಲಿ ಗಾಯ ಮಾಡಿಸ್ಕೊಂಡ್ ಬತ್ತೀರಾ?" ಎಂದು ಕೇಳುತ್ತಿದ್ದನಂತೆ. ಹೊನ್ನಯ್ಯನವರೇ ಹೇಳಿ ನಕ್ಕದ್ದು.

ಪಟ್ಟಿಯ ಅಂಟು ಬದಲಿಸಲು ತಿಂಗಳಿಗೊಮ್ಮೆ ನಾನು ಅವರ ಮನೆಗೆ ಹೋಗುತ್ತಿದ್ದೆ. ಸರ್ಕಾರಿ ವಸತಿಗೃಹದ ಎರಡನೆಯ ಮಹಡಿ, ಎರಡು ಕೋಣೆ. ಮಕ್ಕಳಿರಲಿಲ್ಲ. ಹೆಂಡತಿ ದೇವೀರಮ್ಮ ನನ್ನನ್ನು ಕಂಡಾಗಲೆಲ್ಲ ಒಂದೇ ದೂರು ಹೇಳುತ್ತಿದ್ದರು.

"ಮಾತೇ ನಿಂತೋಗದೆ ಕಣಮ್ಮ ಇವ್ರದು. ಅನ್ನ ಹಾಕ್ಲಾ ಅಂದ್ರೆ ಸುಮ್ಕೆ ಮಕ ನೋಡ್ತರೆ. ಆಮ್ಯಾಕೆ 'ಹೇಳುದ್ನಲ್ಲ' ಅಂತರೆ. ಎಲ್ಲಿ ಹೇಳುದ್ರಿ? ಯಾರ್ಗೇಳುದ್ರಿ?"

"ಹೇಳಿದ್ದೆ ಕಣೆ," ಎಂದರು ಹೊನ್ನಯ್ಯ, ಬೇಸರವಿಲ್ಲದೆ. ಅವರು ಹೇಳಿರುತ್ತಿದ್ದರು. ಗಂಟಲಿನೊಳಗೆ ಹೇಳಿ, ಹೇಳಿದ್ದಾಯಿತು ಎಂದುಕೊಂಡಿರುತ್ತಿದ್ದರು.

"ಸಾಹೇಬರು ನಿಮಗೆ ವಿಷಯ ಹೇಗೆ ತಿಳಿಸ್ತಾರೆ?" ಎಂದು ಒಮ್ಮೆ ಕೇಳಿದೆ. "ಭಾನುವಾರ, ಹಬ್ಬ, ಅವರು ಅಲ್ಲಿ, ನೀವಿಲ್ಲಿ."

"ಮಾಮೂಲಿ ಫೋನಲ್ಲಿ. ಗುಟ್ಟಿನ ಫೋನಲ್ಲಿ ಏನ್ ಹೇಳ್ಬೇಕು ಅನ್ನೋದ ಮಾಮೂಲಿ ಫೋನಲ್ಲಿ ಹೇಳ್ತರೆ." ಅವರ ಭುಜ ಕುಲುಕುವಷ್ಟು ನಗು ಬಂತು. ಸದ್ದು ಮಾತ್ರ ಬರಲಿಲ್ಲ.

ಹೊನ್ನಯ್ಯನವರಿಗೆ ತಿಳಿಯದ, ಅವರ ಸಾಹೇಬರಿಗೂ ತಿಳಿಯದ ಒಂದು ಸಂಗತಿ ನನಗೆ ತಿಳಿದಿತ್ತು. ಪಟ್ಟಿ ಗುಂಡಿ ಒತ್ತಿದಾಗ ಮಾತ್ರ ಮಾತು ಕಳಿಸುತ್ತಿತ್ತು. ಆದರೆ ಹಿಡಿಯುವುದನ್ನು ಅದು ಒಂದು ಕ್ಷಣವೂ ನಿಲ್ಲಿಸುತ್ತಿರಲಿಲ್ಲ. ಗಟ್ಟಿಯಾಗಿ ಆಡಿದ್ದು, ಮನಸ್ಸಿನಲ್ಲಿ ಆಡಿದ್ದು, ಎಲ್ಲ ನಮ್ಮ ಯಂತ್ರಕ್ಕೆ ಬಂದು ಬೀಳುತ್ತಿತ್ತು. ಯಂತ್ರ ಇನ್ನಷ್ಟು ಚೆನ್ನಾಗಿ ಕಲಿಯಲಿ ಎಂದು ನಾಗಸುಂದರ ಅವರು ಮಾಡಿಸಿದ ಏರ್ಪಾಡು ಅದು. ಒಪ್ಪಂದದಲ್ಲಿ ಅದರ ಮಾತಿರಲಿಲ್ಲ. ತೊಂಬತ್ತು ದಿನಗಳಾದ ಮೇಲೆ ತಾನಾಗಿ ಅಳಿಸಿಹೋಗುತ್ತಿತ್ತು. ಅದನ್ನು ತೆರೆದು ನೋಡಬಲ್ಲವರು ನಾವಿಬ್ಬರೇ.

ಹುಣಸೆಕಟ್ಟೆ ಕೆರೆಯ ದಂಡೆಯಲ್ಲಿ ದೊಡ್ಡವರ ಬಡಾವಣೆಯೊಂದಿತ್ತು. ಕೆರೆಯ ಕೋಡಿಯನ್ನು ಮುಚ್ಚಿ ಕಟ್ಟಿದ್ದು. ಆ ವರ್ಷ ಮೂರು ದಿನ ಬಿಡದೆ ಮಳೆ ಸುರಿದು, ಭಾನುವಾರ ಮಧ್ಯಾಹ್ನದ ಹೊತ್ತಿಗೆ ನೀರು ಆ ಮನೆಗಳ ನೆಲಮಾಳಿಗೆಗೆ ನುಗ್ಗಿತು. ಕಾರುಗಳು ಮುಳುಗಿದವು. ಏರಿಯ ಆಚೆ, ಕೆಳಗೆ, ಕಾಲುವೆಯ ಎರಡೂ ಬದಿಗೆ ಕೆಂಪುಗುಂಡಿ ಎಂಬ ಕೇರಿ. ತಗಡಿನ ಮನೆಗಳು. ತೂಬು ಎತ್ತಿದರೆ ಮೇಲಿನವರು ಉಳಿಯುತ್ತಾರೆ, ನೀರು ಕೆಳಗಿನವರ ಮೇಲೆ ಹೋಗುತ್ತದೆ. ಆದೇಶ ಬಾರದೆ ತೂಬು ಮುಟ್ಟುವುದಿಲ್ಲ ಎಂದು ಕೆರೆಯ ಎಂಜಿನಿಯರ್ ಹಟ ಹಿಡಿದು ನಿಂತಿದ್ದರು. ಒಂದು ಗಂಟೆ ಹತ್ತು ನಿಮಿಷಕ್ಕೆ ಅವರ ಮೌನಿಯಲ್ಲಿ ಶ್ರೀವತ್ಸ ಸಾಹೇಬರ ದನಿ ಕೇಳಿತು. "ತೂಬು ಪೂರ್ತಿ ಎತ್ತಿ. ಕಾಯಬೇಡಿ."

ಎತ್ತಿದರು. ಭಾನುವಾರವಾದ್ದರಿಂದ ಕೆಂಪುಗುಂಡಿಯಲ್ಲಿ ಎಲ್ಲರೂ ಮನೆಯಲ್ಲಿದ್ದರು. ಒಂಬತ್ತು ಜನ ಸತ್ತರು. ಅವರಲ್ಲಿ ನಾಲ್ವರು ಒಂದೇ ಮನೆಯವರು.

ವಿಚಾರಣಾ ಆಯೋಗ ಕೂತಿತು. ನಿವೃತ್ತ ನ್ಯಾಯಾಧೀಶರೊಬ್ಬರು ಅದರ ಅಧ್ಯಕ್ಷರು. ಮೊದಲ ದಿನವೇ ಶ್ರೀವತ್ಸ ಎದ್ದು ನಿಂತು, ಯಾರೂ ಕೇಳುವ ಮೊದಲೇ ತಪ್ಪೊಪ್ಪಿಕೊಂಡರು. ಅವರನ್ನು ನಾನು ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು. ಫೋನಿನಲ್ಲಿ ನಾವು ಮಾಡಿಟ್ಟಿದ್ದ ದನಿಗಿಂತ ಅವರ ದನಿ ಮೃದುವಾಗಿತ್ತು.

"ಕಲಿಕೆಗೆ ನಾನು ಹೋಗಬೇಕಿತ್ತು, ಸಹಾಯಕರನ್ನು ಕಳಿಸಿದೆ. ಕೆಲಸದ ಒತ್ತಡ. ಅದು ನನ್ನ ಲೋಪ, ಅದಕ್ಕೆ ಯಾವ ಕ್ರಮ ಕೈಗೊಂಡರೂ ಸರಿ. ಆದರೆ ಆ ಆದೇಶ ನನ್ನದಲ್ಲ. ಕೆಳಗೆ ಜನ ಇದ್ದಾರೆ, ಭಾನುವಾರ, ಎಲ್ಲರೂ ಮನೆಯಲ್ಲೇ ಇರುತ್ತಾರೆ, ಮೊದಲು ಅವರನ್ನು ಎಬ್ಬಿಸಿ ಕಳಿಸಿ, ಆಮೇಲೆ ತೂಬು ಎತ್ತಲಿ ಎಂದು ನಾನು ಹೊನ್ನಯ್ಯನಿಗೆ ಹೇಳಿದ್ದೆ. ಆತ ಅರ್ಧ ಬಿಟ್ಟು ಹೇಳಿದ್ದಾನೆ. ವಯಸ್ಸಾಗಿದೆ, ಪಾಪ."

ಅವರಿಬ್ಬರ ನಡುವೆ ಮಾಮೂಲಿ ಫೋನಿನಲ್ಲಿ ನಲವತ್ತಾರು ಸೆಕೆಂಡು ಮಾತಾಗಿತ್ತು ಎಂಬುದಕ್ಕೆ ದಾಖಲೆಯಿತ್ತು. ಏನು ಮಾತು ಎಂಬುದಕ್ಕೆ ಇರಲಿಲ್ಲ. ಮೌನಿಯ ದಾಖಲೆಯಲ್ಲಿ ಆದೇಶವಿತ್ತು, ಗಂಟಲು ಹೊನ್ನಯ್ಯನವರದು. ನ್ಯಾಯಾಧೀಶರು ಹೊನ್ನಯ್ಯನವರನ್ನು, "ಈ ಮಾತು ನಿಮ್ಮದೇನ್ರೀ?" ಎಂದು ಕೇಳಿದರು.

"ಹೇಳಿದ್ದು ನಾನೇ ಸ್ವಾಮಿ."

"ಯಾರು ಹೇಳಿಸಿದ್ದು?"

ಹೊನ್ನಯ್ಯ ಸಾಹೇಬರ ಕಡೆ ತಿರುಗಿ ನೋಡಿದರು. ಅವರೇ ನೆನಪು ಮಾಡಿಕೊಟ್ಟಾರು ಎಂದು ಕಾಯುವವರ ಹಾಗೆ ನೋಡಿದರು. ಆಮೇಲೆ ನ್ಯಾಯಾಧೀಶರ ಕಡೆ ತಿರುಗಿ, "ಸಾಹೇಬ್ರು ಹೇಳ್ದಂಗೆ ಹೇಳ್ದೆ," ಎಂದರು. ಆ ಮಾತನ್ನು ಎರಡೂ ಕಡೆಯ ವಕೀಲರು ತಮಗೆ ಬೇಕಾದಂತೆ ಬರೆದುಕೊಂಡರು.

ಪಟ್ಟಿ ಸಾಕ್ಷ್ಯವಸ್ತು, ವಿಚಾರಣೆ ಮುಗಿಯುವವರೆಗೆ ತೆಗೆಯಕೂಡದು ಎಂದು ಆಯೋಗ ಅಪ್ಪಣೆ ಮಾಡಿತು.

ಮಾರನೆಯ ಬೆಳಿಗ್ಗೆ ಪ್ರಯೋಗಾಲಯಕ್ಕೆ ಎಲ್ಲರಿಗಿಂತ ಮೊದಲು ಹೋಗಿ ನಾನು ಆ ಭಾನುವಾರದ ಕಡತವನ್ನು ತೆರೆದೆ. ಒಂದು ಗಂಟೆ ಏಳು ನಿಮಿಷ. ಪರದೆಯ ಮೇಲೆ ಹೊನ್ನಯ್ಯನವರ ಗಂಟಲು ಅಕ್ಷರವಾಗಿ ಮೂಡತೊಡಗಿತು.

'ಹೇಳಿ ಸಾರ್.' ಬಿಡುವು. 'ಈಗ್ಲೇನಾ ಸಾರ್?' ಬಿಡುವು. 'ಕೆಳಗೆ ಜನ ಅವ್ರೆ ಸಾರ್. ಭಾನುವಾರ, ಎಲ್ಲಾ ಮನೇಲೇ ಇರ್ತರೆ. ಮೊದ್ಲು ಎಬ್ಸಿ ಕಳ್ಸಾಕೆ ಹೇಳ್ಲಾ? ಆಮೇಲೆ ಎತ್ತಲಿ.' ಉದ್ದ ಬಿಡುವು. 'ಇಲ್ಲ ಸಾರ್, ಎದುರು ಮಾತಲ್ಲ ಸಾರ್.' ಬಿಡುವು. 'ಗೊತ್ತಾಯ್ತು ಸಾರ್. ತೂಬು ಪೂರ್ತಿ ಎತ್ತಿ, ಕಾಯಬೇಡಿ. ಇಷ್ಟೇನಾ ಸಾರ್?' ಬಿಡುವು. 'ಆಯ್ತು ಸಾರ್.'

ಶೀಘ್ರಲಿಪಿ ಕಲಿತವರ ಅಭ್ಯಾಸ ಅದು. ಕೇಳಿಸಿಕೊಂಡದ್ದನ್ನು ತಿರುಗಿ ಹೇಳಿ ಒಪ್ಪಿಗೆ ಪಡೆಯದೆ ಅವರು ಮುಂದೆ ಹೋಗುವುದಿಲ್ಲ. ಸಾಹೇಬರ ಮಾತುಗಳಿದ್ದ ಜಾಗದಲ್ಲಿ ಪರದೆ ಖಾಲಿಯಾಗಿತ್ತು. ಆದರೂ ಆ ಖಾಲಿಯ ಎರಡೂ ಬದಿಗೆ ಇದ್ದುದು ಸಾಕಾಗಿತ್ತು. ಆಯೋಗದ ಮುಂದೆ ಸಾಹೇಬರು ತಮ್ಮದೆಂದು ಹೇಳಿದ್ದು ಹೊನ್ನಯ್ಯನವರ ಮಾತನ್ನು. ಹೆಚ್ಚುಕಮ್ಮಿ ಅವೇ ಪದಗಳು. ಇಪ್ಪತ್ತೊಂಬತ್ತು ವರ್ಷ ತನ್ನ ಮಾತನ್ನು ಇನ್ನೊಬ್ಬರ ಬಾಯಲ್ಲಿ ಇಟ್ಟವರಿಗೆ, ಇನ್ನೊಬ್ಬರ ಮಾತನ್ನು ತನ್ನ ಬಾಯಿಗೆ ತೆಗೆದುಕೊಳ್ಳುವುದು ಕಷ್ಟವಾಗಿರಲಿಕ್ಕಿಲ್ಲ.

ನಾನು ಆ ಭಾನುವಾರಕ್ಕೇ ನಿಲ್ಲಿಸಬೇಕಾಗಿತ್ತು. ಹಿಂದಿನ ದಿನಗಳನ್ನೂ ನೋಡಿದೆ, ಮುಂದಿನವನ್ನೂ ನೋಡಿದೆ. ದುರಂತವಾದ ಮೇಲಿನ ದಿನಗಳಲ್ಲಿ ಹೊನ್ನಯ್ಯನವರ ಗಂಟಲು ಗಂಟೆಗಟ್ಟಲೆ ಮಿಸುಕಿರಲಿಲ್ಲ. ಪರದೆಯ ಮೇಲೆ ಒಂದು ನೇರ ಗೆರೆ. ಎಚ್ಚರವಾಗಿರುವ ಮನುಷ್ಯನ ಗೆರೆ ಹಾಗಿರುವುದಿಲ್ಲ. ನಾನು ಇನ್ನಾರಲ್ಲೂ ಅದನ್ನು ಕಂಡಿಲ್ಲ.

ನಾಗಸುಂದರ ಅವರಿಗೆ ತೋರಿಸಿದೆ. ಅವರು ಪೂರ್ತಿ ಓದಿದರು. ಕೋಪಿಸಿಕೊಳ್ಳಲಿಲ್ಲ.

"ಆ ಸುಳ್ಳು ನಮೂನೆಗೆ ನಿಮಗೆ ಒಂದು ಮೆಮೋ ಬರುತ್ತೆ, ಅಷ್ಟೇ. ನಾನು ಮಾತಾಡಿದ್ದೀನಿ. ಆದರೆ ಇದನ್ನ ಆಯೋಗದ ಮುಂದೆ ಇಟ್ಟರೆ ಮೊದಲನೇ ಪ್ರಶ್ನೆ ಏನು ಗೊತ್ತಾ? ಇದು ನಿಮ್ಮ ಹತ್ತಿರ ಹೇಗೆ ಬಂತು? ಒಬ್ಬ ಪಿ.ಎ.ದಲ್ಲ ವಾರಿಜಾ. ನೂರಹನ್ನೆರಡು ಜನರ ಹಗಲು, ರಾತ್ರಿ, ಮನೆ, ಮಂಚ. ಒಂಬತ್ತು ಜನ ಸಾಕ್ಷಾತ್ ಅಧಿಕಾರಿಗಳು. ಸರ್ಕಾರದ ಗುಟ್ಟು ಕದ್ದದ್ದಕ್ಕೆ ಹದಿನಾಲ್ಕು ವರ್ಷ ಜೈಲು. ನನಗೆ ಅರವತ್ತಾಯಿತು, ನಾನು ಹೇಗೂ ಒಳಗೇ ಸಾಯ್ತೀನಿ. ನಿಮಗೆ ಮೂವತ್ತೊಂದು."

"ಅವರಿಗೆ ಎಷ್ಟು ವರ್ಷ ಶಿಕ್ಷೆ ಆಗಬಹುದು ಸರ್? ಹೊನ್ನಯ್ಯನವರಿಗೆ?"

ಅವರು ಕನ್ನಡಕ ಹಾಕಿಕೊಂಡು ಬೇರೆ ಕಡತ ಎಳೆದುಕೊಂಡರು.

ಮರುವಾರ ದೇವೀರಮ್ಮ ಪ್ರಯೋಗಾಲಯದ ಗೇಟಿನ ಹತ್ತಿರ ನಿಂತಿದ್ದರು. ಕಾವಲಿನವನು ಒಳಗೆ ಬಿಟ್ಟಿರಲಿಲ್ಲ. ನಾನು ಹೊರಗೆ ಹೋದೆ.

"ನಾನು ಪಕ್ಕದಲ್ಲೇ ಇದ್ದೆ ಕಣಮ್ಮ. ಉಣ್ಣಾಕೆ ಕೂತಿದ್ರು, ಸಾರು ಹಾಕ್ತಿದ್ದೆ. ಎಡಗೈಲಿ ಫೋನ್ ಹಿಡ್ಕಂಡು 'ಕೆಳಗೆ ಜನ ಅವ್ರೆ ಸಾರ್' ಅಂದ್ರು. ನನ್ ಕಿವಿಯಾರೆ ಕೇಳಿವ್ನಿ. ತಿಂಗ್ಳಾನುಗಟ್ಲೆ ಆದ್ಮೇಲೆ ಇವ್ರು ಗಟ್ಟಿಯಾಗಿ ಮಾತಾಡುದ್ರಲ್ಲ ಅಂತ ನಂಗೆ ಆಶ್ಚರ್ಯ ಆಯ್ತು. ಅದ್ನೇ ಜಡ್ಜ್ ಸಾಹೇಬ್ರ ಮುಂದೆ ಹೇಳ್ದೆ. 'ಹೆಂಡ್ತಿ ಹಂಗೇ ಹೇಳ್ತಳೆ' ಅಂತ ವಕೀಲ್ರು ನಕ್ರು."

"ನೀವು ಹೇಳಿದ್ದು ಬರೆದುಕೊಂಡಿದ್ದಾರಮ್ಮ."

"ಬರ್ಕಂಡ್ರು, ನಂಬ್ನಿಲ್ಲ." ಅವರು ನನ್ನ ಮುಂಗೈ ಹಿಡಿದರು. "ಆ ಪಟ್ಟಿ ಕುತ್ಗೇಲೇ ಇತ್ತಲ್ಲವ್ವ. ಅದ್ಕೆ ಕೇಳ್ಸಿರಕಿಲ್ವಾ?"

ರಸ್ತೆಯಲ್ಲಿ ಬಸ್ಸೊಂದು ಹೋಯಿತು. ಅದು ದಾಟುವವರೆಗೆ ನನಗೆ ಸಮಯವಿತ್ತು.

"ಗುಂಡಿ ಒತ್ತಿದರೆ ಮಾತ್ರಮ್ಮ. ಅದು ಹಾಗೇ ಮಾಡಿರೋದು."

"ಹಂಗಾ." ಕೈ ಬಿಟ್ಟರು. "ಅಷ್ಟ್ ದುಡ್ಡು ಸುರ್ದು ಮಾಡವ್ರೆ. ಬೇಕಾದ್ ಹೊತ್ತಲ್ಲಿ ಕಿವುಡು."

ಕೊನೆಯ ದಿನ ನನ್ನನ್ನು ಕರೆದರು. ಪ್ರಮಾಣ ಮಾಡಿಸಿದರು. ಮೌನಿ ಹೇಗೆ ಕೆಲಸ ಮಾಡುತ್ತದೆಂದು ನ್ಯಾಯಾಧೀಶರು ಕೇಳಿದ್ದಕ್ಕೆ ವಿವರಿಸಿದೆ. ಗಂಟಲು ಹೊನ್ನಯ್ಯನವರದ್ದೇ ಎಂಬುದರಲ್ಲಿ ಸಂಶಯವಿಲ್ಲವೆಂದೆ. ಹೊನ್ನಯ್ಯನವರ ವಕೀಲ ಸರ್ಕಾರವೇ ಕೊಟ್ಟವನು, ಚಿಕ್ಕ ವಯಸ್ಸು. ಕೇಳಲು ಬೇರೇನೂ ತೋಚದೆ ಇರಬೇಕು, ಕೂರುವ ಮೊದಲು ಕೇಳಿದ.

"ಗುಂಡಿ ಒತ್ತಿ ಆಡಿದ ಮಾತು ಬಿಟ್ಟು, ಆ ದಿನದ್ದು ಬೇರೆ ಯಾವುದಾದರೂ ದಾಖಲೆ ನಿಮ್ಮ ಪ್ರಯೋಗಾಲಯದಲ್ಲಿದೆಯೇ?"

ನಾನು ಬಹುಕಾಲ ಮೌನವನ್ನು ಒಳ್ಳೆಯ ಗುಣ ಎಂದುಕೊಂಡು ಬೆಳೆದವಳು. ಜಗಳವಾದಾಗ ಸುಮ್ಮನಿರುವವಳು, ಗುಂಪಿನಲ್ಲಿ ಸುಮ್ಮನಿರುವವಳು. ಅದನ್ನು ಜನ ಗಾಂಭೀರ್ಯ ಎಂದದ್ದುಂಟು. ಅಲ್ಲಿ ನಿಂತಾಗ ಸುಮ್ಮನಿರುವ ಅವಕಾಶವೂ ಇರಲಿಲ್ಲ. ಎರಡರಲ್ಲಿ ಒಂದು ಪದ ಹೇಳಬೇಕಾಗಿತ್ತು.

"ಇಲ್ಲ," ಎಂದೆ.

ನ್ಯಾಯಾಧೀಶರು ಅದನ್ನು ತಮ್ಮ ಶೀಘ್ರಲಿಪಿಗಾರ್ತಿಗೆ ಹೇಳಿ ಬರೆಸಿದರು. ಆಕೆ ತಿರುಗಿ ಓದಿದಳು: "ಬೇರೆ ಯಾವ ದಾಖಲೆಯೂ ಇರುವುದಿಲ್ಲ." ನಾನು ಸರಿ ಎಂದು ತಲೆಯಾಡಿಸಿದೆ.

ಅರ್ಧ ಗಂಟೆಯಲ್ಲಿ ಎಲ್ಲ ಮುಗಿಯಿತು. ಶ್ರೀವತ್ಸ ಅವರ ಲೋಪಕ್ಕೆ ಲಿಖಿತ ಎಚ್ಚರಿಕೆ ಸಾಕೆಂದೂ, ಹೊನ್ನಯ್ಯನವರನ್ನು ಬಂಧಿಸಿ ಒಂಬತ್ತು ಸಾವುಗಳಿಗೆ ಮೊಕದ್ದಮೆ ಹೂಡಬೇಕೆಂದೂ ಆಯೋಗ ಶಿಫಾರಸು ಮಾಡಿತು. ಪೊಲೀಸರು ಬಂದೇ ಇದ್ದರು. ಕರೆದೊಯ್ಯುವ ಮೊದಲು ಪಟ್ಟಿ ತೆಗೆದು ಲಕೋಟೆಯಲ್ಲಿ ಹಾಕಿ ಒಪ್ಪಿಸುವ ಕೆಲಸ ನನ್ನದು.

ಪಕ್ಕದ ಕೋಣೆಯಲ್ಲಿ ಅವರನ್ನು ಕುರ್ಚಿಯ ಮೇಲೆ ಕೂರಿಸಿದ್ದರು. ಕಾನ್‌ಸ್ಟೇಬಲ್ ಬಾಗಿಲಾಚೆ ನಿಂತಿದ್ದ. ದೇವೀರಮ್ಮ ಹೊರಗಿನ ಬೆಂಚಿನಲ್ಲಿ. ಹತ್ತಿಗೆ ಸ್ಪಿರಿಟ್ ಹಾಕಿ ಅಂಚಿನಿಂದ ಮೆಲ್ಲಗೆ ಬಿಡಿಸಿದೆ. ಅಡಿಯ ಚರ್ಮ ಬಿಳಿಚಿಕೊಂಡು, ನೆನೆದ ಕಾಗದದ ಹಾಗಾಗಿತ್ತು. ಅವರು ಅದನ್ನು ಬೆರಳಿನಿಂದ ಸವರಿಕೊಂಡರು, ಬಾಗಿಲ ಕಡೆ ನೋಡಿದರು, ದನಿ ತಗ್ಗಿಸಿದರು.

"ಮೇಡಮ್, ಒಂದ್ ಮಾತು. ನಿಜ ಹೇಳ್ಬುಡಿ. ಅಲ್ಲಿ ಎಲ್ರ ಮುಂದೆ ಕೇಳಾಕಾಗ್ನಿಲ್ಲ. ಗುಂಡಿ ಒತ್ತದೆ ಇದ್ದಾಗ ಇದು ಏನೂ ಹಿಡ್ಕಳಕಿಲ್ವಾ? ಮನ್ಸಲ್ಲಿ ಅಂದ್ಕಂಡಿದ್ದು?"

ಗೋಡೆಯ ಆಚೆ ನ್ಯಾಯಾಧೀಶರ ದನಿ ಇನ್ನೂ ಕೇಳುತ್ತಿತ್ತು. ಅವರು ಹೊರಟಿರಲಿಲ್ಲ. ಹೊನ್ನಯ್ಯ ಬುದ್ಧಿವಂತರು, ಅವರಿಗೆ ಹೊಳೆದಿದೆ, ತಮ್ಮನ್ನು ಉಳಿಸುವ ವಸ್ತುವನ್ನೇ ಕೇಳುತ್ತಿದ್ದಾರೆ ಎಂದುಕೊಂಡೆ. ಹೌದೆಂದರೆ ಅವರು ಎದ್ದು ಗೋಡೆಯಾಚೆಗೆ ಹೋಗಿ ಹೇಳುತ್ತಾರೆ. ಪಟ್ಟಿಯನ್ನು ಲಕೋಟೆಯೊಳಗೆ ಹಾಕಿದೆ.

"ಇಲ್ಲ ಹೊನ್ನಯ್ಯನವರೇ."

"ದೇವ್ರಾಣೆ?"

"ಇಲ್ಲ."

ಅವರು ಉಸಿರು ಬಿಟ್ಟರು. ಭುಜಗಳು ಇಳಿದವು. ಎಷ್ಟೋ ದಿನಗಳಿಂದ ಕಾಣದಿದ್ದ ನಗು ಮುಖಕ್ಕೆ ಬಂತು.

"ಇವತ್ತು ಹೇಳ್ತಿವ್ನಿ, ಯಾರ್ಗೂ ಅನ್ಬೇಡಿ. ಬಸ್ಸಲ್ಲಿ ಕೂತಾಗ, ನೀರ್ ಹುಯ್ಕೊಳ್ಳೋವಾಗ, ಸಾಹೇಬ್ರನ್ನ ಮನ್ಸಲ್ಲೇ ಬಯ್ತಿದ್ದೆ ಮೇಡಮ್. ಬಾಯ್ಗ್ ಬಂದಂಗೆ. ಅವ್ವ, ಅಪ್ಪ, ಏನೂ ಬುಡ್ತಿರ್ನಿಲ್ಲ. ಅದೇನಾರ ಇದ್ರಲ್ಲಿ ಬಂದು, ಜಡ್ಜ್ ಮುಂದೆ, ಸಾಹೇಬ್ರ ಎದುರ್ಗೇ ಓದ್ಬುಟ್ರೆ ಏನ್ ಗತಿ ಅಂತ ತಿಂಗ್ಳಿಂದ ಅನ್ನ ಸೇರ್ನಿಲ್ಲ. ಇಪ್ಪತ್ತೊಂಬತ್ತು ವರ್ಷ ಅವ್ರಿಗೆ ಎದುರಾಡ್ದೋನಲ್ಲ ನಾನು."

ನಾನು ಆ ಬೈಗುಳಗಳನ್ನು ಓದಿದ್ದೆ. ಅವು ಅಂಥ ದೊಡ್ಡವೇನೂ ಆಗಿರಲಿಲ್ಲ. ಪ್ರತಿಯೊಂದರ ಕೊನೆಗೂ 'ಸಾರ್' ಇತ್ತು.

ಲಕೋಟೆಯ ಮೇಲೆ ಅವರ ಹೆಸರು ಬರೆದೆ. ಅವರು ಎದ್ದು, ಟವಲನ್ನು ಕೊಡವಿ ಮಡಚಿ ಹೆಗಲ ಮೇಲೆ ಹಾಕಿಕೊಂಡು, ಕಾನ್‌ಸ್ಟೇಬಲ್‌ನ ಕಡೆ ಹೊರಟರು.

"ಸದ್ಯ," ಎಂದರು.